ಆಫರ್ ಲೆಟರ್‌ಗೂ ಮೊದಲೇ ಆಧಾರ್ ಕೇಳಿದರೆ: ಒಂದು ಕನ್ಸಲ್ಟೆನ್ಸಿ ಪ್ರಕರಣ

2025ರ ಜುಲೈನಲ್ಲಿ ಆ ಹುಡುಗಿಯ ಖಾತೆಯಿಂದ 295 ರೂಪಾಯಿ ಕಟ್ ಆಗಿತ್ತು. ಮಿನಿಮಮ್ ಬ್ಯಾಲೆನ್ಸ್ ಇಲ್ಲ ಅಂತ ಬ್ಯಾಂಕಿನವರು ಹಾಕಿದ ದಂಡ ಇರಬೇಕು ಅಂದುಕೊಂಡು ಸುಮ್ಮನಾದಳು. ಆಗಸ್ಟಿನಲ್ಲಿ ಪಿಜಿ ಬಾಡಿಗೆಗೆ ಅಂತ ಅಪ್ಪ ಊರಿಂದ ಹಾಕಿದ ದುಡ್ಡಿನಲ್ಲಿ 2,667 ರೂಪಾಯಿ ಹೋಯಿತು. ಪಾಸ್‌ಬುಕ್ಕಿನಲ್ಲಿ ಆ ಸಾಲು ‘ಎಸಿಎಚ್ ಡಿ’ (ಖಾತೆಯಿಂದ ಕಂತು ತಾನಾಗಿ ಕಟ್ ಆದಾಗ ಬ್ಯಾಂಕು ಹಾಕುವ ಗುರುತು) ಅಂತ ಶುರುವಾಗಿ ಒಂದು ಫೈನಾನ್ಸ್ ಕಂಪನಿಯ ಅರ್ಧ ಹೆಸರಿಗೆ ನಿಂತಿತ್ತು. ಟಿವಿ ಜಾಹೀರಾತಿನಲ್ಲಿ ಹೆಸರು ಕೇಳಿದ್ದು ಬಿಟ್ಟರೆ ಆ ಕಂಪನಿಗೂ ಅವಳಿಗೂ ಯಾವ ವ್ಯವಹಾರವೂ ಇರಲಿಲ್ಲ.

ಹುಡುಗಿ ರಾಣೆಬೆನ್ನೂರು ಕಡೆಯವಳು, ಬಿಕಾಂ ಮುಗಿಸಿದವಳು, ಕೆಲಸ ಹುಡುಕಿಕೊಂಡು ಬಂದು ವಿಜಯನಗರದ ಒಂದು ಪಿಜಿಯಲ್ಲಿದ್ದಳು. ನಮ್ಮ ಮನೆಯವರಿಗೆ ಗೊತ್ತಿರುವ ಕುಟುಂಬ. ನಾನು ಬೆಂಗಳೂರಿನ ಒಂದು ಕಂಪನಿಯಲ್ಲಿ ಪೇರೋಲ್, ಅಂದರೆ ನೌಕರರ ಸಂಬಳದ ಲೆಕ್ಕ ನೋಡಿಕೊಳ್ಳುತ್ತೇನೆ. ಹಾಗಾಗಿ ಫೋನು ನನಗೇ ಬಂತು. “ಅಣ್ಣಾ, ನಾನು ಯಾವ ಸಾಲಾನೂ ತಗೊಂಡಿಲ್ಲ, ಆದ್ರೂ ಕಂತು ಕಟ್ ಆಗೇತಿ” ಅಂದಳು. ಅವಳ ಒಪ್ಪಿಗೆ ತಗೊಂಡೇ ಇದನ್ನು ಬರೆಯುತ್ತಿದ್ದೇನೆ. ಕೆಲಸ ಕೊಡಿಸುತ್ತೇವೆ ಅಂದ ಕನ್ಸಲ್ಟೆನ್ಸಿ, ಬ್ಯಾಂಕು, ಫೈನಾನ್ಸ್ ಕಂಪನಿ ಯಾವುದರ ಹೆಸರನ್ನೂ ಹಾಕುತ್ತಿಲ್ಲ.

ಇಂಥ ಕಥೆ ಕೇಳಿದಾಗ ಜನ ಮೊದಲು ‘ಹ್ಯಾಕ್ ಮಾಡಿದ್ದಾರೆ’ ಅನ್ನುತ್ತಾರೆ. ಇಲ್ಲಿ ಯಾರೂ ಏನನ್ನೂ ಹ್ಯಾಕ್ ಮಾಡಿರಲಿಲ್ಲ. ಬೇಕಾದದ್ದನ್ನೆಲ್ಲ ಅವಳ ಕೈಯಿಂದಲೇ, ಫ್ಯಾನ್ ಕೆಳಗೆ ಕೂರಿಸಿ, ಮರ್ಯಾದೆಯಿಂದ ಕೇಳಿ ತಗೊಂಡಿದ್ದರು.

ಆ ಫಾರಂ

ಜೂನ್ ತಿಂಗಳಲ್ಲಿ ಅವಳು ಒಂದು ಜಾಬ್ ಪೋರ್ಟಲ್‌ಗೆ ರೆಸ್ಯೂಮೆ ಹಾಕಿದಳು. ಅವತ್ತೇ ಕರೆಗಳು ಶುರುವಾದವು. ಅದರಲ್ಲಿ ಒಂದು: “ನಿಮ್ಮ ಪ್ರೊಫೈಲ್ ಶಾರ್ಟ್‌ಲಿಸ್ಟ್ ಆಗಿದೆ ಮೇಡಂ, ಬ್ಯಾಂಕ್ ಬ್ಯಾಕ್ ಆಫೀಸ್ ಕೆಲಸ, ನಾಳೆ ಆಫೀಸಿಗೆ ಬನ್ನಿ, ಎಲ್ಲಾ ಡಾಕ್ಯುಮೆಂಟ್ ಒರಿಜಿನಲ್ ಮತ್ತು ಜೆರಾಕ್ಸ್ ತನ್ನಿ.” ಕರೆ ಮಾಡಿದ್ದು ಆ ಕನ್ಸಲ್ಟೆನ್ಸಿಯವರು. ಅವರ ಆಫೀಸು ಜೆರಾಕ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಇವಳ ಹಾಗೆಯೇ ಹೊಸದಾಗಿ ಬಂದ ಹುಡುಗ ಹುಡುಗಿಯರು. ರಿಜಿಸ್ಟ್ರೇಷನ್‌ಗೆ 500 ರೂಪಾಯಿ.

ಫಾರಂ ಎರಡು ಪುಟ. ಹೆಸರು, ಓದು, ಫೋನ್ ನಂಬರ್ ಸರಿ. ಅದಾದ ಮೇಲೆ ತಂದೆಯ ಹೆಸರು, ತಾಯಿಯ ಹೆಸರು, ಹುಟ್ಟಿದ ದಿನ, ಆಧಾರ್ ನಂಬರ್, ಪ್ಯಾನ್ ನಂಬರ್, ಬ್ಯಾಂಕ್ ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ಕೋಡ್, ಊರಿನ ಮನೆಯ ವಿಳಾಸ, ಇಬ್ಬರು ಪರಿಚಯದವರ ಹೆಸರು ಮತ್ತು ನಂಬರ್. ಕೊನೆಯಲ್ಲಿ ಮೂರು ಕಡೆ ಸಹಿ. ‘ಯಾವ ಕೆಲಸ ಬೇಕು’ ಅನ್ನುವುದಕ್ಕೆ ಮಾತ್ರ ಒಂದೇ ಒಂದು ಗೆರೆ ಬಿಟ್ಟಿದ್ದರು. ಕೆಲಸ ಕೊಡಿಸುವವರ ಫಾರಂನಲ್ಲಿ ಕೆಲಸದ ಬಗ್ಗೆ ಒಂದು ಗೆರೆ, ಬ್ಯಾಂಕಿನ ಬಗ್ಗೆ ಕಾಲು ಪುಟ. ಇದನ್ನು ನೋಡಿದ ಮೇಲೆ ನನಗೆ ಬೇರೆ ಸಾಕ್ಷಿಯೇ ಬೇಕಾಗಿರಲಿಲ್ಲ.

ಆಮೇಲೆ ಒಬ್ಬ ಹುಡುಗ ಅವಳನ್ನು ಬಿಳಿ ಗೋಡೆಯ ಮುಂದೆ ನಿಲ್ಲಿಸಿ ತನ್ನ ಫೋನಿನಲ್ಲಿ ಫೋಟೋ ತೆಗೆದ. ಐಡಿ ಕಾರ್ಡಿಗೆ ಅಂದ. “ಸ್ವಲ್ಪ ಎಡಕ್ಕೆ ತಿರುಗಿ, ಈಗ ಕಣ್ಣು ಮಿಟುಕಿಸಿ.” ಐಡಿ ಕಾರ್ಡಿನ ಫೋಟೋಗೆ ಯಾರೂ ಕಣ್ಣು ಮಿಟುಕಿಸು ಅನ್ನುವುದಿಲ್ಲ. ಸಾಲದ ಆ್ಯಪ್‌ಗಳು, ಬ್ಯಾಂಕ್ ಖಾತೆ ತೆರೆಯುವ ಆ್ಯಪ್‌ಗಳು ಅನ್ನುತ್ತವೆ. ಎದುರಿಗೆ ಇರುವುದು ಫೋಟೋ ಅಲ್ಲ, ಜೀವಂತ ಮನುಷ್ಯ ಅಂತ ಖಾತ್ರಿ ಮಾಡಿಕೊಳ್ಳುವುದು ಹಾಗೆ. 2025ರ ಆಗಸ್ಟಿನಿಂದ ಪಿಎಫ್‌ನ ಯುಎಎನ್ (ಪಿಎಫ್ ಸದಸ್ಯರ ಖಾಯಂ ನಂಬರ್) ಮಾಡಿಸುವಾಗ ಸರ್ಕಾರದ ಉಮಂಗ್ ಆ್ಯಪಿನಲ್ಲೂ ಮುಖ ತೋರಿಸಬೇಕು, ನಿಜ. ಆದರೆ ಅದನ್ನು ನಿಮ್ಮ ಫೋನಿನಲ್ಲಿ ನೀವೇ ಮಾಡಬಹುದು. ಅಪರಿಚಿತರ ಫೋನಿನ ಮುಂದೆ ನಿಂತು ಕಣ್ಣು ಮಿಟುಕಿಸುವ ಕೆಲಸ ಯಾವ ಇಂಟರ್ವ್ಯೂದಲ್ಲೂ ಇಲ್ಲ.

ಕೊನೆಗೆ ಓಟಿಪಿ. “ವೆರಿಫಿಕೇಷನ್‌ಗೆ ಒಂದು ನಂಬರ್ ಬಂದಿರತ್ತೆ, ಹೇಳಿ.” ಹೇಳಿದಳು. ಸ್ವಲ್ಪ ಹೊತ್ತಿಗೆ ಇನ್ನೊಂದು. ಅದನ್ನೂ ಹೇಳಿದಳು. ಮೊದಲನೆಯದು ಆಧಾರ್ ಕೆವೈಸಿಗೆ, ಅಂದರೆ ಗುರುತು ಖಾತ್ರಿ ಮಾಡುವುದಕ್ಕೆ, ಎರಡನೆಯದು ಖಾತೆಯಿಂದ ಪ್ರತಿ ತಿಂಗಳು ಕಂತು ಎಳೆದುಕೊಳ್ಳಲು ಕೊಡುವ ಇ-ಮ್ಯಾಂಡೇಟ್‌ಗೆ. ಎರಡೂ ಎಸ್ಸೆಮ್ಮೆಸ್‌ಗಳಲ್ಲಿ ಯಾತಕ್ಕೆ ಅಂತ ಇಂಗ್ಲಿಷಿನಲ್ಲಿ ಸ್ಪಷ್ಟವಾಗಿಯೇ ಇತ್ತು. ಆದರೆ ಎದುರಿಗೆ ಒಬ್ಬರು ಕೈ ಚಾಚಿ ‘ಬೇಗ ಹೇಳಿ, ಎಕ್ಸ್‌ಪೈರ್ ಆಗತ್ತೆ’ ಅನ್ನುತ್ತಿದ್ದರೆ ಯಾರು ಪೂರ್ತಿ ಓದುತ್ತಾರೆ? ಆರು ಅಂಕಿ ಮಾತ್ರ ಕಣ್ಣಿಗೆ ಬೀಳುತ್ತದೆ.

ಅನುಮಾನ ಬರದೇ ಇದ್ದದ್ದಕ್ಕೆ ಇನ್ನೊಂದು ಕಾರಣ ಇದೆ. ಅವರು ಇಂಟರ್ವ್ಯೂಗೆ ನಿಜವಾಗಿಯೂ ಕಳಿಸಿದರು. ಒಂದು ಕಾಲ್ ಸೆಂಟರಿನಲ್ಲಿ ವಾಕ್-ಇನ್ ಇತ್ತು, ಯಾರು ಬೇಕಾದರೂ ಹೋಗಬಹುದಾದದ್ದು. ಇವಳು ಆಯ್ಕೆ ಆಗಲಿಲ್ಲ. ‘ನನ್ನ ಇಂಗ್ಲಿಷ್ ಸಾಲಲಿಲ್ಲ’ ಅಂತ ತನ್ನನ್ನೇ ಬೈದುಕೊಂಡು ಕನ್ಸಲ್ಟೆನ್ಸಿಯನ್ನು ಮರೆತಳು. ಅವರಿಗೆ ಬೇಕಾಗಿದ್ದೂ ಅದೇ.

ಸಾಲದ ಫೈಲು

ನಾವು ಮೊದಲು ತೆಗೆದದ್ದು ಕ್ರೆಡಿಟ್ ರಿಪೋರ್ಟ್, ನಮ್ಮ ಹೆಸರಲ್ಲಿರುವ ಸಾಲಗಳ ದಾಖಲೆ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ಅಂತ ದೇಶದಲ್ಲಿ ಇದನ್ನು ಇಡುವ ನಾಲ್ಕು ಕಂಪನಿಗಳಿವೆ. ಪ್ರತಿಯೊಂದೂ ವರ್ಷಕ್ಕೆ ಒಂದು ಪೂರ್ತಿ ರಿಪೋರ್ಟನ್ನು ಪುಕ್ಕಟೆ ಕೊಡಬೇಕು, ರಿಸರ್ವ್ ಬ್ಯಾಂಕಿನ ನಿಯಮ ಇದೆ. ಕೆಲಸವೇ ಸಿಗದವಳಿಗೆ ಸಿಬಿಲ್ ಯಾಕೆ ಅಂತ ಅವಳ ಅಪ್ಪ ಕೇಳಿದರು. ರಿಪೋರ್ಟ್ ತೆರೆದ ಮೇಲೆ ಸುಮ್ಮನಾದರು. ಕನ್ಸ್ಯೂಮರ್ ಲೋನ್, ಅಂದರೆ ಅಂಗಡಿಯಲ್ಲಿ ವಸ್ತು ಕೊಳ್ಳಲು ಕೊಡುವ ಸಾಲ, 31,999 ರೂಪಾಯಿ, 12 ಕಂತು. ಜುಲೈ ಕಂತು ಬೌನ್ಸ್ ಆಗಿ ಬಾಕಿ ಅಂತ ದಾಖಲಾಗಿತ್ತು. ಖಾತೆಯಲ್ಲಿ ದುಡ್ಡಿರಲಿಲ್ಲ, ಬ್ಯಾಂಕು ಬೌನ್ಸ್ ಚಾರ್ಜ್ ಅಂತ 250 ರೂಪಾಯಿಗೆ ಜಿಎಸ್‌ಟಿ ಸೇರಿಸಿ 295 ಕಿತ್ತುಕೊಂಡಿತ್ತು. ಸಾಲ ತೆಗೆದ ದಿನವೇ ಬೇರೆ ಎರಡು ಕಡೆ ಸಾಲಕ್ಕೆ ಅರ್ಜಿ ಹೋಗಿ ಸಿಗದೇ ಇದ್ದದ್ದೂ ‘ಎನ್‌ಕ್ವೈರಿ’ ಪಟ್ಟಿಯಲ್ಲಿ ಕಂಡಿತು. ಅಂದರೆ ಒಂದೇ ಮಧ್ಯಾಹ್ನ ಇವಳ ಕಾಗದಗಳನ್ನು ಮೂರು ಬಾಗಿಲಿಗೆ ಹಿಡಿದು ನೋಡಿದ್ದಾರೆ.

ಎರಡನೆಯದು ಮೈ-ಆಧಾರ್ ಪೋರ್ಟಲ್‌ನಲ್ಲಿ ಸಿಗುವ ದೃಢೀಕರಣದ ಇತಿಹಾಸ. ನಿಮ್ಮ ಆಧಾರನ್ನು ಯಾವ ಸಂಸ್ಥೆ, ಯಾವ ದಿನ, ಎಷ್ಟು ಹೊತ್ತಿಗೆ, ಓಟಿಪಿಯಿಂದಲೋ ಬೆರಳಚ್ಚಿನಿಂದಲೋ ಪರಿಶೀಲಿಸಿತು ಅಂತ ಹಿಂದಿನ 6 ತಿಂಗಳ ಲೆಕ್ಕ ಅಲ್ಲಿರುತ್ತದೆ. ಬಹಳ ಜನಕ್ಕೆ ಇಂಥದ್ದೊಂದು ಇದೆ ಅಂತಲೇ ಗೊತ್ತಿಲ್ಲ. ಅವಳು ಕನ್ಸಲ್ಟೆನ್ಸಿಯಲ್ಲಿ ಕೂತಿದ್ದ ಹೊತ್ತಿಗೆ ಸರಿಯಾಗಿ ಅಲ್ಲಿ ಸಾಲುಗಳು ಇದ್ದವು. ಫೋನಿನಲ್ಲಿದ್ದ ಹಳೆಯ ಎಸ್ಸೆಮ್ಮೆಸ್‌ಗಳ ಸಮಯಕ್ಕೂ ತಾಳೆ ಆಯಿತು. ಓಟಿಪಿ ಮೆಸೇಜುಗಳನ್ನು ಅಳಿಸುವ ಅಭ್ಯಾಸ ಇದ್ದವರು ಇದನ್ನು ಗಮನಿಸಿ, ಕೆಲಸ ಹುಡುಕುವ ಕಾಲದಲ್ಲಾದರೂ ಅವುಗಳನ್ನು ಇಟ್ಟುಕೊಳ್ಳಿ.

ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ಅವಳ ಹೆಸರಲ್ಲಿ ಎಷ್ಟು ಸಿಮ್ ಇವೆ ಅಂತಲೂ ನೋಡಿದೆವು. ಒಬ್ಬರ ಹೆಸರಲ್ಲಿ 9 ಸಿಮ್ ತನಕ ಇರಬಹುದು, ಹಾಗಾಗಿ ಕಳ್ಳ ಸಿಮ್ ಸೇರಿಕೊಂಡರೆ ಗೊತ್ತಾಗುವುದಿಲ್ಲ. ಪುಣ್ಯಕ್ಕೆ ಅಲ್ಲಿ ಏನೂ ಇರಲಿಲ್ಲ.

ಇಡೀ ಪ್ರಕರಣ ತಿರುಗಿದ್ದು ಫೈನಾನ್ಸ್ ಕಂಪನಿಯ ಹತ್ತಿರ ಇದ್ದ ಫೈಲಿನಿಂದ. ಮೊದಲ ಇಮೇಲ್‌ಗೆ ಅವರು ಕೊಟ್ಟದ್ದು ರೆಡಿಮೇಡ್ ಉತ್ತರ: ಕೆವೈಸಿ ಸರಿ ಇದೆ, ಓಟಿಪಿ ಕೊಟ್ಟಿದ್ದೀರಿ, ಸೆಲ್ಫಿ ಹೊಂದುತ್ತಿದೆ, ಸಾಲ ನಿಮ್ಮದೇ. ಬ್ಯಾಂಕಿನ ಶಾಖೆಯಲ್ಲೂ ಅದೇ ರಾಗ, “ಓಟಿಪಿ ಹೇಳಿದ್ದು ನೀವೇ ಅಲ್ವಾ?” ಈ ಮಾತು ಕೇಳಿ ಬಹಳ ಜನ ಅಲ್ಲಿಗೇ ಕೈ ಬಿಡುತ್ತಾರೆ. ನಮಗೆ ವಾದ ಬೇಕಿರಲಿಲ್ಲ, ಕಾಗದ ಬೇಕಿತ್ತು. ಸಾಲದ ಒಪ್ಪಂದ, ಕೆವೈಸಿ ಪ್ರತಿ, ಸೆಲ್ಫಿ, ಅಂಗಡಿಯ ಬಿಲ್ಲು, ಆ ಸಾಲದಲ್ಲಿ ಕೊಂಡ ಫೋನಿನ ಐಎಂಇಐ (ಪ್ರತಿ ಫೋನಿಗೂ ಇರುವ ಗುರುತಿನ) ನಂಬರ್ ಇಷ್ಟನ್ನೂ ಕಳಿಸಿ ಅಂತ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಸಿದೆ. ಸಾಲ ನನ್ನದೇ ಅನ್ನುವುದಾದರೆ ಅದರ ಕಾಗದ ಕೇಳುವ ಹಕ್ಕೂ ನನ್ನದೇ.

ಫೈಲು ಬಂತು. ಸೆಲ್ಫಿಯ ಹಿಂದೆ ಆ ಬಿಳಿ ಗೋಡೆ. ಫೋಟೋದ ಕೆಳಗೆ ಸಮಯ, ಅಕ್ಷಾಂಶ, ರೇಖಾಂಶ ಅಚ್ಚಾಗಿತ್ತು. ಅದನ್ನು ಮ್ಯಾಪಿನಲ್ಲಿ ಹಾಕಿದರೆ ಸೀದಾ ಕನ್ಸಲ್ಟೆನ್ಸಿಯ ರಸ್ತೆ. ಸಂಪರ್ಕಕ್ಕೆ ಕೊಟ್ಟ ಮೊಬೈಲ್ ನಂಬರ್ ಇವಳದ್ದಲ್ಲ, ಅದಕ್ಕೇ ಕಂತಿನ ನೆನಪೋಲೆ ಒಂದೂ ಇವಳಿಗೆ ಬಂದಿರಲಿಲ್ಲ. ಆಧಾರ್ ಪ್ರತಿ ಅವಳು ಕೊಟ್ಟ ಅದೇ ಜೆರಾಕ್ಸ್. ಯಂತ್ರದ ಗಾಜಿನ ಮೇಲಿದ್ದ ಗೀರಿನ ಕಪ್ಪು ಗೆರೆ ಅದರ ಎಡಬದಿಯಲ್ಲಿ ಹಾಗೇ ಇತ್ತು. ಅಂಗಡಿಯ ಬಿಲ್ಲು ಬೇರೆ ಬಡಾವಣೆಯದ್ದು, ಸಂಜೆ 7.40. ಆ ಹೊತ್ತಿಗೆ ಅವಳು ಊರಿಗೆ ಹೋಗುವ ರೈಲಿನಲ್ಲಿದ್ದಳು. ಟಿಕೆಟ್ಟಿನ ಎಸ್ಸೆಮ್ಮೆಸ್ ಅಳಿಸಿರಲಿಲ್ಲ.

ದೂರು ಕೊಡುವಾಗ ಒಂದು ವಿಷಯ ಕಲಿತೆವು. 1930 ಸಹಾಯವಾಣಿ ತುಂಬಾ ಕೆಲಸಕ್ಕೆ ಬರುವುದು ದುಡ್ಡು ಈಗಷ್ಟೇ ಖಾತೆ ಬಿಟ್ಟಿದ್ದಾಗ. ಅದು ಇನ್ನೊಂದು ಖಾತೆಯಲ್ಲಿ ಇರುವಷ್ಟರಲ್ಲಿ ತಡೆಹಿಡಿಯಬಹುದು. ಇಲ್ಲಿ ದುಡ್ಡು ಹೋಗಿದ್ದು ಕಾನೂನುಬದ್ಧ ಫೈನಾನ್ಸ್ ಕಂಪನಿಗೆ, ತಡೆಯುವುದಕ್ಕೆ ಏನೂ ಇರಲಿಲ್ಲ. ಆದರೂ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಹಾಕಿ ಪಡೆದ ಸ್ವೀಕೃತಿ ಸಂಖ್ಯೆ ಮುಂದೆ ಎಲ್ಲ ಪತ್ರಗಳಿಗೂ ಬೇಕಾಯಿತು. ಆಮೇಲೆ ಸೈಬರ್ ಅಪರಾಧಗಳನ್ನು ನೋಡುವ ಸಿಇಎನ್ ಪೊಲೀಸ್ ಠಾಣೆ. ಬೇರೆಯವರ ಗುರುತು ಬಳಸಿ ಮೋಸ ಮಾಡಿದರೆ ಐಟಿ ಕಾಯ್ದೆಯ 66ಸಿ ಮತ್ತು 66ಡಿ ಸೆಕ್ಷನ್‌ಗಳಲ್ಲಿ 3 ವರ್ಷದ ತನಕ ಜೈಲು ಇದೆ, ಭಾರತೀಯ ನ್ಯಾಯ ಸಂಹಿತೆಯಲ್ಲಿ ವಂಚನೆಗೆ 318, ಬೇರೆಯವರಂತೆ ನಟಿಸಿ ವಂಚಿಸಿದ್ದಕ್ಕೆ 319. ‘ನಮ್ಮ ಏರಿಯಾ ಅಲ್ಲ’ ಅಂತ ಯಾವ ಠಾಣೆಯವರಾದರೂ ಅಂದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಕಾನೂನಿನಲ್ಲಿ ಅಪರಾಧ ಎಲ್ಲೇ ನಡೆದಿರಲಿ ಎಫ್‌ಐಆರ್ ದಾಖಲಿಸಬೇಕು ಅಂತಿದೆ.

ಕನ್ಸಲ್ಟೆನ್ಸಿಗೆ ನಿಜಕ್ಕೂ ಏನು ಬೇಕು

ಇಲ್ಲಿ ಸ್ವಲ್ಪ ನಮ್ಮ ಕಸುಬಿನ ಒಳಮಾತು ಹೇಳಬೇಕು. ಯಾಕೆಂದರೆ ಎಲ್ಲ ಕನ್ಸಲ್ಟೆನ್ಸಿಯವರೂ ಕಳ್ಳರಲ್ಲ. ನಾನೇ ಅವರ ಜೊತೆ ದಿನಾ ವ್ಯವಹರಿಸುತ್ತೇನೆ.

ಕಂಪನಿ ‘ಇಂಥ ಕೆಲಸಕ್ಕೆ ಜನ ಬೇಕು’ ಅನ್ನುತ್ತದೆ. ಕನ್ಸಲ್ಟೆನ್ಸಿ ಪ್ರೊಫೈಲ್ ಕಳಿಸುತ್ತದೆ. ಅವರು ಕಳಿಸಿದವರು ಸೇರಿಕೊಂಡರೆ ಕಂಪನಿ ಅವರಿಗೆ ಫೀಸು ಕೊಡುತ್ತದೆ. ಮಾಮೂಲಿ ದರ ವರ್ಷದ ಸಂಬಳದ 8.33 ಪರ್ಸೆಂಟ್, ಅಂದರೆ ಒಂದು ತಿಂಗಳ ಸಂಬಳ. ಅದೂ ಸೇರಿದ ಹುಡುಗ ಎರಡು ಮೂರು ತಿಂಗಳು ನಿಂತ ಮೇಲೆ. ಹೀಗಿರುವಾಗ ನಿಮ್ಮ 500 ರೂಪಾಯಿ ಅವರಿಗೆ ಯಾಕೆ ಬೇಕು? ಕನ್ಸಲ್ಟೆನ್ಸಿ ನಮಗೆ ಕಳಿಸುವ ಎಕ್ಸೆಲ್ ಶೀಟಿನಲ್ಲಿ ಇರುವುದು ಹೆಸರು, ಫೋನ್, ಇಮೇಲ್, ಎಷ್ಟು ವರ್ಷದ ಅನುಭವ, ಈಗಿನ ಸಂಬಳ, ಕೇಳುವ ಸಂಬಳ, ನೋಟಿಸ್ ಪಿರಿಯಡ್, ಊರು. ಅಷ್ಟೇ. ಬ್ಯಾಂಕ್ ಖಾತೆಯ ಕಾಲಮ್ಮು ಆ ಶೀಟಿನಲ್ಲಿ ನಾನು ಒಮ್ಮೆಯೂ ಕಂಡಿಲ್ಲ.

ಒಂದು ವಿನಾಯಿತಿ ಇದೆ. ಕೆಲವು ದೊಡ್ಡ ಕಂಪನಿಗಳು ಒಬ್ಬರನ್ನೇ ಎರಡು ಕನ್ಸಲ್ಟೆನ್ಸಿಯವರು ಕಳಿಸಿದರೆ ಗೊತ್ತಾಗಲಿ ಅಂತ ಪ್ಯಾನ್ ನಂಬರ್ ಅಥವಾ ಹುಟ್ಟಿದ ದಿನ ಕೇಳುತ್ತವೆ. ಹಾಗಾಗಿ ‘ಪ್ಯಾನ್ ಕೇಳಿದರು, ಮೋಸವೇ’ ಅಂತ ಹೇಳುವ ಹಾಗಿಲ್ಲ. ಆದರೆ ನಂಬರ್ ಕೇಳುವುದು ಬೇರೆ, ಕಾರ್ಡಿನ ಪ್ರತಿ ಕೇಳುವುದು ಬೇರೆ. ಕೊನೆಯ ನಾಲ್ಕು ಅಕ್ಷರ ಸಾಕಾ ಅಂತ ಕೇಳಿ. ಬಹಳ ಕಡೆ ಸಾಕಾಗುತ್ತದೆ. ಹಾಗೆಯೇ ಸ್ಟಾಫಿಂಗ್ ಕಂಪನಿಗಳು ಅಂತ ಇರುತ್ತವೆ. ಅವರು ನಿಮ್ಮನ್ನು ತಮ್ಮ ಪೇರೋಲ್‌ನಲ್ಲೇ ಇಟ್ಟುಕೊಂಡು ಬೇರೆ ಕಡೆ ಕೆಲಸಕ್ಕೆ ಹಾಕುತ್ತಾರೆ. ಅವರಿಗೆ ನಿಮ್ಮ ಎಲ್ಲ ದಾಖಲೆಯೂ ಬೇಕಾಗುತ್ತದೆ, ಯಾಕೆಂದರೆ ಅಲ್ಲಿ ಯಜಮಾನರು ಅವರೇ. ಆದರೂ ಆಫರ್ ಲೆಟರ್ ಕೈಗೆ ಬಂದ ಮೇಲೆ.

ನಾನು ಹೇಳಬೇಕು ಅಂದುಕೊಂಡಿರುವುದು ಇಷ್ಟೇ: ಒಂದೊಂದು ಕಾಗದಕ್ಕೂ ಒಂದೊಂದು ಹೊತ್ತಿದೆ. ಆಧಾರ್, ಪ್ಯಾನ್, ಬ್ಯಾಂಕ್ ಖಾತೆ ಇವು ಯಾವುದೂ ಗುಟ್ಟಿನ ವಸ್ತುವಲ್ಲ, ಕೆಲಸಕ್ಕೆ ಸೇರಿದ ದಿನ ನಾನೇ ಕೇಳುತ್ತೇನೆ. ಸಂಬಳದ ಮೇಲಿನ ತೆರಿಗೆಗೆ ಪ್ಯಾನ್ ಬೇಕು, ಪಿಎಫ್‌ಗೆ ಆಧಾರ್ ಬೇಕು, ಸಂಬಳ ಹಾಕಲು ಖಾತೆ ಬೇಕು. ಇಂಟರ್ವ್ಯೂನೇ ಆಗದವರಿಗೆ ಇದು ಯಾವುದರ ಅಗತ್ಯವೂ ಇಲ್ಲ. ಹಿಂದಿನ ಕಂಪನಿಯ ಸ್ಯಾಲರಿ ಸ್ಲಿಪ್ಪು, ರಿಲೀವಿಂಗ್ ಲೆಟರ್ ಇವು ಆಫರ್ ಮಾತಿಗೆ ಬಂದಾಗ. ಹಿನ್ನೆಲೆ ಪರಿಶೀಲನೆ ಆಫರ್ ಆದ ಮೇಲೆ, ಅದಕ್ಕೂ ನಿಮ್ಮಿಂದ ಬೇರೆ ಒಪ್ಪಿಗೆ ಪತ್ರ ಬರೆಸಿಕೊಳ್ಳುತ್ತಾರೆ. ಈ ಸರಣಿ ತಲೆಕೆಳಗಾಗಿದ್ದರೆ, ಕೇಳುವವರ ಬೋರ್ಡ್ ಎಷ್ಟೇ ದೊಡ್ಡದಿರಲಿ, ಅಲ್ಲಿ ನಿಲ್ಲಬೇಕು.

ರೆಸ್ಯೂಮೆಯ ವಿಷಯಕ್ಕೆ ಬಂದರೆ ನಮ್ಮ ಕಡೆ ಇನ್ನೂ ಬಯೋಡೇಟಾ ಕಾಲದ ಅಭ್ಯಾಸ ಹೋಗಿಲ್ಲ. ತಂದೆಯ ಹೆಸರು, ಹುಟ್ಟಿದ ದಿನ, ಮದುವೆ ಆಗಿದೆಯೋ ಇಲ್ಲವೋ, ಧರ್ಮ, ಕೆಲವರದ್ದರಲ್ಲಿ ಜಾತಿ ಕೂಡ, ಪೂರ್ತಿ ವಿಳಾಸ, ಕೆಳಗೆ ಡಿಕ್ಲರೇಷನ್, ಅದರ ಕೆಳಗೆ ಸ್ಕ್ಯಾನ್ ಮಾಡಿದ ಸಹಿ. ಮದುವೆ ಗಂಡು ನೋಡುವವರಿಗೆ ಕೊಡುವ ಕಾಗದವನ್ನೇ ಎಚ್‌ಆರ್‌ಗೂ ಕಳಿಸಿದ ಹಾಗೆ. ಸಹಿಯನ್ನಂತೂ ದಯವಿಟ್ಟು ತೆಗೆದುಬಿಡಿ. ಖಾಸಗಿ ಕಂಪನಿಯ ಕೆಲಸಕ್ಕೆ ರೆಸ್ಯೂಮೆ ಕಳಿಸುವಾಗ ಸಹಿ ಬೇಕಿಲ್ಲ. ಊರಿನ ಹೆಸರು ಸಾಕು, ಮನೆ ನಂಬರ್ ಬೇಡ.

ಹುಟ್ಟಿದ ವರ್ಷದ ಬಗ್ಗೆ ಒಂದು ಮಾತು. ಆಧಾರ್ ಕೊಡುವ ಪ್ರಾಧಿಕಾರವಾದ ಯುಐಡಿಎಐನಿಂದ ಡೌನ್‌ಲೋಡ್ ಮಾಡಿದ ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇರುತ್ತದಲ್ಲ, ಅದು ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ಮತ್ತು ಹುಟ್ಟಿದ ವರ್ಷ. ರೆಸ್ಯೂಮೆಯಲ್ಲಿ ಹೆಸರೂ ಇದೆ, ಹುಟ್ಟಿದ ದಿನವೂ ಇದೆ. ರೆಸ್ಯೂಮೆ, ಆಧಾರ್ ಪಿಡಿಎಫ್ ಎರಡನ್ನೂ ಒಂದೇ ಇಮೇಲ್‌ನಲ್ಲಿ ಕಳಿಸಿ ‘ಪಾಸ್‌ವರ್ಡ್ ಹಾಕಿ ಕಳಿಸಿದ್ದೇನೆ’ ಅಂತ ನಿಶ್ಚಿಂತೆಯಿಂದ ಇರುವವರನ್ನು ನಾನು ಪ್ರತಿ ವಾರ ನೋಡುತ್ತೇನೆ.

ಕೊಡಲೇಬೇಕಾಗಿ ಬಂದಾಗ

ಮೈ-ಆಧಾರ್ ಪೋರ್ಟಲ್‌ನಲ್ಲೇ ಮಾಸ್ಕ್ಡ್ ಆಧಾರ್ ಸಿಗುತ್ತದೆ. ಮೊದಲ ಎಂಟು ಅಂಕಿ ಮುಚ್ಚಿ ಕೊನೆಯ ನಾಲ್ಕು ಮಾತ್ರ ತೋರಿಸುತ್ತದೆ. ಗುರುತಿನ ಚೀಟಿ ತೋರಿಸಿ ಅಂದಾಗ ಇದು ಸಾಕು. ಇದರ ಹಿಂದೆ ಬೆಂಗಳೂರಿನದ್ದೇ ಒಂದು ಪ್ರಸಂಗ ಇದೆ. 2022ರ ಮೇ 27ರಂದು ಯುಐಡಿಎಐನ ಬೆಂಗಳೂರು ಪ್ರಾದೇಶಿಕ ಕಚೇರಿ, ಆಧಾರ್ ಜೆರಾಕ್ಸನ್ನು ಯಾರಿಗೂ ಕೊಡಬೇಡಿ, ದುರ್ಬಳಕೆ ಆಗಬಹುದು, ಮಾಸ್ಕ್ಡ್ ಆಧಾರ್ ಬಳಸಿ ಅಂತ ಪ್ರಕಟಣೆ ಹೊರಡಿಸಿತು. ಎರಡೇ ದಿನಕ್ಕೆ, 29ರಂದು, ಜನ ತಪ್ಪು ತಿಳಿದುಕೊಳ್ಳಬಹುದು ಅಂತ ಕೇಂದ್ರ ಸರ್ಕಾರ ಅದನ್ನು ವಾಪಸ್ ತಗೊಂಡು, ಮಾಮೂಲಿ ಎಚ್ಚರಿಕೆ ವಹಿಸಿದರೆ ಸಾಕು ಅಂದಿತು. ನನ್ನ ಕೇಳಿದರೆ ಬೆಂಗಳೂರು ಕಚೇರಿ ಹೇಳಿದ್ದೇ ಸರಿ ಇತ್ತು. ‘ಮಾಮೂಲಿ ಎಚ್ಚರಿಕೆ’ ಅಂದರೆ ಏನು ಅಂತ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತ 23 ವರ್ಷದ ಹುಡುಗಿಗೆ ಯಾರು ಹೇಳಿಕೊಡಬೇಕು?

ಜೆರಾಕ್ಸ್ ಕೊಡುವುದಾದರೆ ಅದರ ಮೇಲೆ ಅಡ್ಡಡ್ಡ ಬರೆಯಿರಿ: ಇಂಥ ಕಂಪನಿಯ ಇಂಥ ಹುದ್ದೆಯ ಅರ್ಜಿಗೆ ಮಾತ್ರ, ದಿನಾಂಕ. ಅಂಚಿನಲ್ಲಿ ಬರೆದರೆ ಕತ್ತರಿಸಿ ಮತ್ತೆ ಜೆರಾಕ್ಸ್ ಮಾಡುತ್ತಾರೆ. ಅಕ್ಷರ ಫೋಟೋ ಮತ್ತು ನಂಬರಿನ ಮೇಲೆ ಹಾದು ಹೋಗಬೇಕು. ಇವಳ ಫೈಲಿನಲ್ಲಿದ್ದ ಪ್ರತಿಯ ಮೇಲೆ ಹಾಗೆ ಬರೆದಿದ್ದರೆ ಫೈನಾನ್ಸ್ ಕಂಪನಿಗೆ ‘ಕೆವೈಸಿ ಸರಿ ಇದೆ’ ಅನ್ನಲು ಬಾಯಿ ಬರುತ್ತಿರಲಿಲ್ಲ.

ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳಿದರೆ ಸಂಬಳ ಬಿದ್ದ ಸಾಲುಗಳಷ್ಟೇ ಅವರಿಗೆ ಬೇಕಾಗಿರುವುದು. ಉಳಿದದ್ದರಲ್ಲಿ ಯುಪಿಐನಲ್ಲಿ ಯಾರಿಗೆ ಎಷ್ಟು ಕಳಿಸಿದಿರಿ, ಯಾವ ಆಸ್ಪತ್ರೆಗೆ ಹೋದಿರಿ ಎಲ್ಲ ಇರುತ್ತದೆ. ಪಿಡಿಎಫ್ ಮೇಲೆ ಕಪ್ಪು ಡಬ್ಬಿ ಎಳೆದು ಕಳಿಸುತ್ತಾರೆ ಕೆಲವರು. ಬಹಳ ಸಲ ಅದರ ಕೆಳಗಿನ ಅಕ್ಷರ ಹಾಗೇ ಇರುತ್ತದೆ, ಕಾಪಿ ಮಾಡಿ ಬೇರೆ ಕಡೆ ಪೇಸ್ಟ್ ಮಾಡಿದರೆ ಪೂರ್ತಿ ಬರುತ್ತದೆ. ಪ್ರಿಂಟ್ ತೆಗೆದು, ಬೇಡದ್ದನ್ನು ಕಾಗದದಿಂದ ಮುಚ್ಚಿ, ಮತ್ತೆ ಸ್ಕ್ಯಾನ್ ಮಾಡುವುದು ಹಳೇ ಕಾಲದ ವಿಧಾನ, ಆದರೆ ಅದೇ ಗಟ್ಟಿ.

ಆ ಫಾರಂನಲ್ಲಿ ‘ಇಬ್ಬರು ಪರಿಚಯದವರ ನಂಬರ್’ ಇತ್ತಲ್ಲ. ಅದು ನಿಮ್ಮ ಮಾಹಿತಿಯೇ ಅಲ್ಲ, ಬೇರೆಯವರದ್ದು. ಅವಳು ಕೊಟ್ಟಿದ್ದ ಇಬ್ಬರು ಗೆಳತಿಯರಿಗೂ ಅದೇ ವಾರ ‘ಪ್ರೊಫೈಲ್ ಶಾರ್ಟ್‌ಲಿಸ್ಟ್ ಆಗಿದೆ’ ಅಂತ ಕರೆ ಹೋಗಿತ್ತು.

ಮಂಗಳೂರು, ಉಡುಪಿ ಕಡೆಯಿಂದ ಗಲ್ಫ್‌ಗೆ ಹೋಗುವವರ ಲೆಕ್ಕ ಸ್ವಲ್ಪ ಬೇರೆ. ವಿದೇಶಕ್ಕೆ ಕಳಿಸುವ ಏಜೆಂಟ್ 1983ರ ವಲಸೆ ಕಾಯ್ದೆಯಡಿ ನೋಂದಣಿ ಮಾಡಿಸಿರಬೇಕು, ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಅವರ ಪಟ್ಟಿ ಇದೆ. ಅವರು ತಗೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಪಾಸ್‌ಪೋರ್ಟಿನ ಪ್ರತಿ ಕೂಡ ಕೊಡಬೇಡಿ.

ಕಾನೂನು ಇದೆಯಾ?

ಇದೆ, ಆದರೆ ಇನ್ನೂ ಪೂರ್ತಿ ಎದ್ದು ನಿಂತಿಲ್ಲ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳಿದರು. ಆ ಕೇಸು ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಮುಖ್ಯ ಜವಾಬ್ದಾರಿಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳು, ಅಂದರೆ 2027ರ ಮೇ.

ಆಗ ಕನ್ಸಲ್ಟೆನ್ಸಿ ನಿಮ್ಮ ಮಾಹಿತಿ ತಗೊಳ್ಳುವ ಮುಂಚೆ ಯಾವುದು, ಯಾತಕ್ಕೆ ಅಂತ ತಿಳಿಸಬೇಕಾಗುತ್ತದೆ. ಆ ನೋಟಿಸನ್ನು ನೀವು ಕನ್ನಡದಲ್ಲೇ ಕೇಳಬಹುದು, ಎಂಟನೇ ಷೆಡ್ಯೂಲಿನ ಎಲ್ಲ ಭಾಷೆಗಳಿಗೂ ಈ ಅವಕಾಶ ಕಾಯ್ದೆಯಲ್ಲಿದೆ. ಕೆಲಸ ಮುಗಿದ ಮೇಲೆ ಅಳಿಸಿ ಅಂತ ಕೇಳುವ ಹಕ್ಕೂ ಇದೆ. ಮಾಹಿತಿ ಕಾಪಾಡದವರಿಗೆ 250 ಕೋಟಿ ರೂಪಾಯಿ ತನಕ ದಂಡ. ನೌಕರಿಯ ಉದ್ದೇಶಕ್ಕೆ ಒಪ್ಪಿಗೆ ಇಲ್ಲದೆಯೂ ಮಾಹಿತಿ ಬಳಸಬಹುದು ಅನ್ನುವ ಒಂದು ಕಿಂಡಿ ಕಾಯ್ದೆಯಲ್ಲಿದೆ. ಕೆಲಸ ಹುಡುಕುವವರು ಇನ್ನೂ ಯಾರ ನೌಕರರೂ ಅಲ್ಲ, ಆ ಕಿಂಡಿಯಲ್ಲಿ ಕನ್ಸಲ್ಟೆನ್ಸಿಗಳು ತೂರಬಾರದು ಅನ್ನುವುದು ನನ್ನ ಓದು. ಇದೆಲ್ಲ ದೊಡ್ಡ ಕಂಪನಿಗಳನ್ನು ಬಗ್ಗಿಸುತ್ತದೆ, ಅನುಮಾನ ಇಲ್ಲ. ಜೆರಾಕ್ಸ್ ಅಂಗಡಿಯ ಮಹಡಿಯನ್ನು ಬಗ್ಗಿಸುತ್ತದೆ ಅನ್ನುವ ನಂಬಿಕೆ ನನಗಿಲ್ಲ.

ಏನಾಯಿತು

ಸೆಲ್ಫಿಯ ಜಾಗ, ಬಿಲ್ಲಿನ ಸಮಯ, ರೈಲಿನ ಟಿಕೆಟ್, ಪೊಲೀಸ್ ದೂರಿನ ಪ್ರತಿ ಇಷ್ಟನ್ನೂ ಒಂದೇ ಇಮೇಲ್‌ನಲ್ಲಿ ಕಳಿಸಿದೆವು. 30 ದಿನದಲ್ಲಿ ಉತ್ತರ ಬರದಿದ್ದರೆ ಗ್ರಾಹಕರ ದೂರು ಕೇಳುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಹತ್ತಿರ ಹೋಗುತ್ತೇವೆ ಅಂತ ಕೊನೆಯಲ್ಲಿ ಸೇರಿಸಿದೆವು. ಈ ಸಲ ರೆಡಿಮೇಡ್ ಉತ್ತರ ಬರಲಿಲ್ಲ. ಒಬ್ಬರು ಫೋನ್ ಮಾಡಿ ಕನ್ನಡದಲ್ಲೇ ಮಾತಾಡಿದರು. ಸಾಲ ರದ್ದಾಯಿತು, 2,667 ರೂಪಾಯಿ ವಾಪಸ್ ಬಂತು, ಬಾಕಿ ಇಲ್ಲ ಅನ್ನುವ ಪತ್ರ ಬಂತು. ಅಷ್ಟರಲ್ಲಿ ನಾವು ಬ್ಯಾಂಕಿಗೆ ಬರೆದುಕೊಟ್ಟು ಮ್ಯಾಂಡೇಟನ್ನೂ ರದ್ದು ಮಾಡಿಸಿದ್ದೆವು. ಇದನ್ನು ಮರೆಯಬೇಡಿ, ಸಾಲದ ಜಗಳ ಮುಗಿಯುವ ತನಕ ಕಂತು ಹೋಗುತ್ತಲೇ ಇರುತ್ತದೆ.

ಕ್ರೆಡಿಟ್ ರಿಪೋರ್ಟ್ ಸರಿಪಡಿಸಲು ಬೇರೆಯೇ ಅರ್ಜಿ ಹಾಕಬೇಕಾಯಿತು. ಸಾಲ ರದ್ದಾದರೆ ರಿಪೋರ್ಟ್ ತಾನೇ ಸರಿ ಹೋಗುತ್ತದೆ ಅಂತ ಕಾಯುತ್ತಾ ಕೂರಬಾರದು. ದೂರು ಕೊಟ್ಟ 30 ದಿನದೊಳಗೆ ಇತ್ಯರ್ಥ ಆಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು, 2024ರ ಏಪ್ರಿಲ್ ಕೊನೆಯಿಂದ ಈ ನಿಯಮ ಇದೆ. ಅರ್ಜಿಯಲ್ಲಿ ಅದನ್ನೂ ಒಂದು ಸಾಲು ಬರೆದಿದ್ದೆವು. ಗಡುವಿನೊಳಗೇ ಸರಿಯಾಯಿತು. ಬ್ಯಾಂಕು ಮಾತ್ರ ಆ 295 ರೂಪಾಯಿ ಕೊಡಲಿಲ್ಲ, ಅದು ನಮ್ಮ ತಪ್ಪಲ್ಲ ಅಂದರು.

ಪೊಲೀಸ್ ಕೇಸು ನಡೆಯುತ್ತಿದೆ. ಐಎಂಇಐ ನಂಬರ್ ಅವರ ಹತ್ತಿರ ಇದೆ. ಆ ಮಹಡಿಯಲ್ಲಿ ಈಗ ಬೇರೆ ಯಾವುದೋ ಕೋಚಿಂಗ್ ಸೆಂಟರಿನ ಬೋರ್ಡ್. ರೆಸ್ಯೂಮೆ ಕೊಟ್ಟಿದ್ದ ಬೇರೆ ಕನ್ಸಲ್ಟೆನ್ಸಿಗಳಿಗೂ ಅವಳು ‘ನನ್ನ ಮಾಹಿತಿ ಅಳಿಸಿ’ ಅಂತ ಬರೆದಳು. ಒಬ್ಬರು ಅಳಿಸಿದ್ದೇವೆ ಅಂದರು, ಉಳಿದವರು ಉತ್ತರವನ್ನೇ ಕೊಡಲಿಲ್ಲ. ಆಧಾರ್‌ನ ಬಯೋಮೆಟ್ರಿಕ್ ಲಾಕ್ ಮಾಡಿಟ್ಟಿದ್ದಾಳೆ. ಕೆಲಸದ ಅರ್ಜಿಗೆ ಅಂತಲೇ ಬೇರೆ ಇಮೇಲ್ ಮಾಡಿಕೊಂಡಿದ್ದಾಳೆ.

ಕೆಲಸ ಸಿಕ್ಕಿದ್ದು ಒಂದು ಸ್ಟಾಫಿಂಗ್ ಕಂಪನಿಯ ಮೂಲಕವೇ. ಆಫರ್ ಲೆಟರ್ ಬಂದ ಮೇಲೆ ಅವರು ದಾಖಲೆಗಳ ಪಟ್ಟಿ ಕಳಿಸಿದರು. ಇವಳು ಮಾಸ್ಕ್ಡ್ ಆಧಾರ್ ಕಳಿಸಿದಳು. ಪೂರ್ತಿ ನಂಬರ್ ಬೇಕು ಅಂತ ಅಲ್ಲಿಯ ಎಚ್‌ಆರ್ ಹುಡುಗಿ ಫೋನ್ ಮಾಡಿದಳು. ಯಾತಕ್ಕೆ ಅಂತ ಇವಳು ಕೇಳಿದಳು. ಪಿಎಫ್‌ಗೆ, ಯುಎಎನ್ ಜೊತೆ ಜೋಡಿಸಬೇಕು ಅಂದಳು ಎಚ್‌ಆರ್ ಹುಡುಗಿ. ಅದನ್ನೇ ಇಮೇಲ್‌ನಲ್ಲಿ ಬರೆದು ಕಳಿಸಿ ಅಂದಳು ಇವಳು. ಹತ್ತು ನಿಮಿಷಕ್ಕೆ ಇಮೇಲ್ ಬಂತು, ನಂಬರ್ ಕೊಟ್ಟಳು.